ಕಲ್ಯಾಣದ ಗೋಡೆ, ಸೇನ್ ನದಿಯ ದೋಣಿ

ಫ್ರಾನ್ಸ್ ದೇಶದ ಚಿತ್ರಕಾರನಾದ ಕ್ಲೋದ್ ಮೋನೆ 1872ರ ಸುಮಾರಿನಲ್ಲಿ ಸೇನ್ ನದಿಯ ಹಾಯಿದೋಣಿಗಳನ್ನು ಬರೆದನು. ಆ ಚಿತ್ರದಲ್ಲಿ ಹಾಯಿಗಳು ಹಾಯಿಗಳಾಗಿಯೇ ಕಾಣುತ್ತವೆ. ನೀರಿನಲ್ಲಿ ಬಿದ್ದ ಅವುಗಳ ನೆರಳು ಮಾತ್ರ ಒಡೆದ ಬಣ್ಣದ ಪಟ್ಟೆಗಳು. ಕುಂಚದ ಎಳೆತವನ್ನು ಅವನು ಮರೆಸಲಿಲ್ಲ. 1874ರಲ್ಲಿ ಅವನೂ ಅವನ ಗೆಳೆಯರೂ ಪ್ಯಾರಿಸ್ಸಿನಲ್ಲಿ ಪ್ರದರ್ಶನ ನಡೆಸಿದಾಗ, ಅವನ ಮತ್ತೊಂದು ದೋಣಿಚಿತ್ರದ ಹೆಸರನ್ನೇ ಹಿಡಿದು ಲೂಯಿ ಲೆರುವಾ ಎಂಬ ವಿಮರ್ಶಕನು ಅವರನ್ನು 'ಇಂಪ್ರೆಷನಿಸ್ಟರು' ಎಂದು ಅಣಕಿಸಿದನು. ಚಿತ್ರ ಅಪೂರ್ಣವೆಂಬುದೇ ಆಕ್ಷೇಪಣೆ.

ಹಾಗಾದರೆ ಚಿತ್ರವೆಂಬುದು ಕನ್ನಡಿಯಂತಿರಲೇಬೇಕೆ? ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಒಂದು ಹಳೆಯ ಉತ್ತರವಿದೆ. ಇಂದಿನ ಬಸವಕಲ್ಯಾಣವೇ ಚಾಲುಕ್ಯರ ರಾಜಧಾನಿ ಕಲ್ಯಾಣ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವೆಂಬ ನೂರು ಅಧ್ಯಾಯಗಳ ಗ್ರಂಥವನ್ನು ರಚಿಸಿದನು. ಅದರಲ್ಲಿ ಚಿತ್ರಕ್ಕೂ ಸ್ಥಾನವುಂಟು. ಕನ್ನಡಿಯ ಪ್ರತಿಬಿಂಬದಂತೆ ಬರೆದುದು 'ವಿದ್ಧ'. ಬರೆಯಬೇಕೆಂಬ ಹಂಬಲ ಹಠಾತ್ತನೆ ಮೂಡಿದಾಗ ಆಕಾರವನ್ನಷ್ಟೇ ಹಿಡಿದುದು 'ಅವಿದ್ಧ'. ನೋಡಿದ ಮಾತ್ರಕ್ಕೇ ಶೃಂಗಾರಾದಿ ರಸಗಳು ತೋರುವುದು 'ಭಾವಚಿತ್ರ'. ಪುಡಿಬಣ್ಣದ 'ಧೂಳೀಚಿತ್ರ'ವನ್ನೂ ಅವನು ಮರೆತಿಲ್ಲ. ನಮ್ಮ ಅಂಗಳದ ರಂಗವಲ್ಲಿ ಅದರ ಬಂಧು.

ಇಷ್ಟರಿಂದ ಮೋನೆಯ ಮಾರ್ಗವನ್ನು ನಮ್ಮವರು ಮೊದಲೇ ಕಂಡಿದ್ದರೆಂದು ಹಿಗ್ಗುವುದು ಸಲ್ಲದು. ಮೋನೆ ದೋಣಿಯೊಂದನ್ನೇ ಚಿತ್ರಶಾಲೆಯನ್ನಾಗಿ ಮಾಡಿಕೊಂಡು, ಕ್ಷಣಕ್ಷಣಕ್ಕೆ ಮಾರ್ಪಡುವ ಬೆಳಕನ್ನು ಬೆನ್ನಟ್ಟಿದನು. ಕಲ್ಯಾಣದ ಚಿತ್ರಿಕನಿಗೆ ವಿಧಿಸಿದ್ದು ತಾಳ್ಮೆಯ ಕೆಲಸ: ಎಮ್ಮೆಯ ತೊಗಲನ್ನು ಬೇಯಿಸಿ ತೆಗೆದ ವಜ್ರಲೇಪಕ್ಕೆ ಬಿಳಿಯ ಮಣ್ಣು ಬೆರೆಸಿ ಗೋಡೆಗೆ ಬಳಿಯಬೇಕು, ಕಾಡಿಗೆಯನ್ನು ಅನ್ನದೊಡನೆ ಅರೆದು ಮಾಡಿದ ಕಡ್ಡಿಯಿಂದ ರೇಖೆ ಎಳೆಯಬೇಕು, ಕರುವಿನ ಕಿವಿಯ ಕೂದಲಿನ ಕುಂಚದಿಂದ ಬಣ್ಣ ತುಂಬಬೇಕು. ಎರಡು ದಾರಿಗಳೂ ಬೇರೆ. ಆದರೆ ಕನ್ನಡಿಯಲ್ಲದ ಚಿತ್ರವೂ ಚಿತ್ರವೇ ಎಂಬುದಕ್ಕೆ ಪ್ಯಾರಿಸ್ಸಿನಲ್ಲಿ ದೊರೆತುದು ಅಣಕದ ಹೆಸರು. ಕಲ್ಯಾಣದಲ್ಲಿ ಅದಕ್ಕೆ ಶಾಸ್ತ್ರದ ಹೆಸರೇ ಇದ್ದಿತು.

ಸೋಮೇಶ್ವರನ ಅರಮನೆಯ ಗೋಡೆಗಳು ಇಂದಿಲ್ಲ. ಮೋನೆಯ ದೋಣಿಗಳನ್ನು ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಕಲ್ಯಾಣದ ಚಿತ್ರಗಳನ್ನು ಓದಿ ಊಹಿಸಿಕೊಳ್ಳಬೇಕು. ಆದರೂ ಆ ಕಾಲದ ರೇಖೆಯ ಬೆಡಗನ್ನು ಕಾಣಬಯಸುವವರು ಹುಮನಾಬಾದಿನ ಬಳಿಯ ಜಲಸಂಗಿಗೆ ಹೋಗಬೇಕು. ಅಲ್ಲಿನ ದೇಗುಲದ ಗೋಡೆಯ ಮೇಲೆ ಶಿಲಾಬಾಲಿಕೆಯೊಬ್ಬಳು ಬೆನ್ನು ತಿರುಗಿಸಿ ನಿಂತು, ಸೋಮೇಶ್ವರನ ತಂದೆಯಾದ ಆರನೆಯ ವಿಕ್ರಮಾದಿತ್ಯನ ಕೀರ್ತಿಯನ್ನು ಬರೆಯುತ್ತಿದ್ದಾಳೆ. ಬಣ್ಣ ಅಳಿದ ನಾಡಿನಲ್ಲಿ ಬರೆಯುವ ಕೈಯೊಂದು ಉಳಿದಿದೆ.