ವಾಡಿಕೆ ಮಳೆ ಮತ್ತು ಬಾಗಿದ ಗೆರೆ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕರ್ನಾಟಕದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ 39ರಲ್ಲಿದ್ದವು.

ಆ ವರದಿ ತಾಲ್ಲೂಕನ್ನು ತಾಲ್ಲೂಕಿನೊಡನೆ ಹೋಲಿಸಿತ್ತು. ತೊಗರಿ ಬಿತ್ತುವವರ ಪ್ರಶ್ನೆ ಬೇರೆ: ಮಳೆ ಎಲ್ಲಿಯವರೆಗೆ ಒಳ್ಳೆಯದು, ಎಲ್ಲಿಂದ ಕೇಡು? ನೀರು ಸಾಲದೆ ಒಣಗುವ ತೊಗರಿ, ಹೊಲದಲ್ಲಿ ನೀರು ನಿಂತರೂ ಕೊಳೆಯುತ್ತದೆ. ಈ ಸಂಬಂಧ ನೇರ ಗೆರೆಯಲ್ಲ, ಬಾಗಿದ ಗೆರೆ.

ಲೆಕ್ಕಶಾಸ್ತ್ರ ಇದನ್ನು ಹೊಲದಲ್ಲೇ ಕಲಿತಿತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಆರ್.ಎ. ಫಿಶರ್ 1924ರಲ್ಲಿ ಗೋಧಿ ಇಳುವರಿಯ ಮೇಲೆ ಮಳೆಯ ಪ್ರಭಾವವನ್ನು ಲೆಕ್ಕಹಾಕಿದರು. 1961ರಲ್ಲಿ ಯಾಯಿರ್ ಮುಂಡ್ಲಾಕ್, ಯಾವ ದಫ್ತರದಲ್ಲೂ ಸಿಗದ ರೈತನ ಜಾಣ್ಮೆಯನ್ನು ಲೆಕ್ಕದಿಂದ ಬೇರ್ಪಡಿಸುವ ದಾರಿ ತೋರಿದರು. ಒಂದೇ ಹೊಲವನ್ನು ಹಲವು ವರ್ಷ ನೋಡಿ, ಅದನ್ನು ಅದರದೇ ಸರಾಸರಿಯೊಡನೆ ಹೋಲಿಸಿದರೆ, ಬದಲಾಗದ್ದೆಲ್ಲ ಕಳೆದುಹೋಗುತ್ತದೆ. ಇದೇ ಫಿಕ್ಸೆಡ್ ಎಫೆಕ್ಟ್ಸ್. ನಮ್ಮ ಮೂರು ತಾಲ್ಲೂಕುಗಳಲ್ಲಿ ಹೀಗೆ ಕಳೆಯುವುದು ಕಪ್ಪು ಮಣ್ಣಿನ ಗುಣ, ಭೀಮೆಯ ದಂಡೆ, 1948ರವರೆಗಿನ ನಿಜಾಮ ಆಳ್ವಿಕೆಯ ಗುರುತು. ಹಾಗಾಗಿ ಹಿಂದುಳಿದಿರುವಿಕೆಯ ಕಾರಣವನ್ನು ಈ ಲೆಕ್ಕದಲ್ಲಿ ಹುಡುಕಬಾರದು.

ಈಗ ಬಾಗಿದ ಗೆರೆಗೆ ಬರೋಣ. ಒಂದು ಕಲ್ಪಿತ ಉದಾಹರಣೆ: ಮಳೆ ಸೆಂಟಿಮೀಟರಿನಲ್ಲಿ, ಇಳುವರಿ ಎಕರೆಗೆ ಕಿಲೋದಲ್ಲಿ. ಮಳೆಯ ಗುಣಾಂಕ 12, ಮಳೆಯ ವರ್ಗದ ಗುಣಾಂಕ ಮೈನಸ್ 0.1 ಎಂದಿಟ್ಟುಕೊಳ್ಳಿ. 12 ಅನ್ನೇ ಮಳೆಯ ಪ್ರಭಾವ ಎನ್ನುವಂತಿಲ್ಲ. 40 ಸೆಂ.ಮೀ. ಹತ್ತಿರ ಇನ್ನೊಂದು ಸೆಂ.ಮೀ. ಸುರಿದರೆ ಸುಮಾರು 4 ಕಿಲೋ ಲಾಭ, 80ರ ಹತ್ತಿರ ಸುಮಾರು 4 ಕಿಲೋ ನಷ್ಟ. ತಿರುವು ಇರುವುದು 60ರಲ್ಲಿ.

ಸೂಕ್ಷ್ಮ ಇರುವುದು ವರ್ಗ ಮಾಡುವ ಹೊತ್ತಿನಲ್ಲಿ. ಒಂದು ತಾಲ್ಲೂಕಿಗೆ ಒಂದು ವರ್ಷ 40, ಇನ್ನೊಂದು ವರ್ಷ 80 ಸೆಂ.ಮೀ. ಮಳೆ, ಸರಾಸರಿ 60. ಮೊದಲು ಸರಾಸರಿ ಕಳೆದು ಆಮೇಲೆ ವರ್ಗ ಮಾಡಿದರೆ ಎರಡು ವರ್ಷಕ್ಕೂ 400 ಬರುತ್ತದೆ. ಆ ಪದದ ಕಣ್ಣಿಗೆ ಬರವೂ ನೆರೆಯೂ ಒಂದೇ. ಮೊದಲು ವರ್ಗ ಮಾಡಿದರೆ 1600 ಮತ್ತು 6400. ಸರಾಸರಿ 4000 ಕಳೆದರೆ ಮೈನಸ್ 2400, ಪ್ಲಸ್ 2400. ಮೊದಲಿನದು ‘ವಾಡಿಕೆ ಮಳೆಯಿಂದ ಎಷ್ಟು ದೂರ’ ಎಂಬ ಪ್ರಶ್ನೆ. ಎರಡನೆಯದು ‘ಒಟ್ಟು ಎಷ್ಟು ಮಳೆ’ ಎಂಬುದು. ಅದು ಮೂರೂ ತಾಲ್ಲೂಕಿಗೆ ಒಂದೇ ತಿರುವನ್ನು ಹೇರುತ್ತದೆ. ಎರಡೂ ಕೇಳಬಹುದಾದ ಪ್ರಶ್ನೆಗಳೇ, ಆದರೆ ಒಂದರ ಉತ್ತರ ಇನ್ನೊಂದಕ್ಕೆ ಸಲ್ಲದು.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಹೊಲಗಳು ಮುಳುಗಿದವು. ಆ ನೀರಿನಲ್ಲಿ ಮೇಲಿನ ಮಹಾರಾಷ್ಟ್ರದ ಮಳೆಯೂ ಇತ್ತು. ತಾಲ್ಲೂಕಿನ ಮಳೆಮಾಪಕ ಅದನ್ನು ಅಳೆಯುವುದಿಲ್ಲ. ಆದ್ದರಿಂದ ‘ಇಷ್ಟು ಮಳೆ ಮೀರಿದರೆ ನಷ್ಟ’ ಎಂಬ ಗೆರೆಯ ಮೇಲೆ ಬೆಳೆ ವಿಮೆಯನ್ನೋ ಪರಿಹಾರವನ್ನೋ ನಿಲ್ಲಿಸುವವರನ್ನು ನಾನು ಮೂರು ಮಾತು ಕೇಳುತ್ತೇನೆ: ವರ್ಗ ಮಾಡಿದ್ದು ಯಾವಾಗ? ತಿರುವಿನ ಎರಡೂ ಬದಿಗೆ ಆ ತಾಲ್ಲೂಕು ಕಂಡ ವರ್ಷಗಳೆಷ್ಟು? ನದಿಯ ನೀರು ಲೆಕ್ಕಕ್ಕೆ ಬಂದಿದೆಯೇ?