ನಿಷ್ಕಾಮ ಕರ್ಮವೂ ಶರಣರ ಕಾಯಕವೂ

ಫಲಾಪೇಕ್ಷೆಯಿಲ್ಲದೆ ಕರ್ಮವನ್ನು ಆಚರಿಸಬೇಕೆಂಬ ತತ್ತ್ವವು ಭರತಖಂಡದಲ್ಲಿ ಬಹು ಪ್ರಾಚೀನವಾದುದು. 18 ಅಧ್ಯಾಯಗಳುಳ್ಳ ಭಗವದ್ಗೀತೆಯಲ್ಲಿ ಮೂರನೆಯ ಅಧ್ಯಾಯಕ್ಕೆ ಕರ್ಮಯೋಗವೆಂದೇ ಹೆಸರು. ರಣರಂಗದಲ್ಲಿ ಧನುಸ್ಸನ್ನು ಕೆಳಗಿಟ್ಟು ಕುಳಿತ ಕ್ಷತ್ರಿಯನಿಗೆ ಮಾಡಿದ ಉಪದೇಶವಾದುದರಿಂದ, ಕರ್ಮವನ್ನು ಮಾಡಬೇಕೋ ಬಿಡಬೇಕೋ ಎಂಬದೇ ಅಲ್ಲಿ ಮೊದಲು ಎದ್ದ ಪ್ರಶ್ನೆಯು. ಬಿಡತಕ್ಕದ್ದು ಕರ್ಮವನ್ನಲ್ಲ, ಅದರ ಫಲದಲ್ಲಿಯ ಆಸಕ್ತಿಯನ್ನು ಎಂಬದು ಅದಕ್ಕೆ ದೊರೆತ ಉತ್ತರವು.

ಈ ಉತ್ತರದ ಅರ್ಥವನ್ನು ಕುರಿತು ಆಚಾರ್ಯರೂ ಪಂಡಿತರೂ ಶತಮಾನಗಳವರೆಗೆ ಚರ್ಚಿಸಿರುವರು. ಶಂಕರಾಚಾರ್ಯರು ನಿಷ್ಕಾಮ ಕರ್ಮವು ಚಿತ್ತಶುದ್ಧಿಗೆ ಸಾಧನವೆಂದೂ ಮೋಕ್ಷವು ಜ್ಞಾನದಿಂದಲೇ ಎಂದೂ ಹೇಳಿದರು. 1908ರಲ್ಲಿ ಶಿಕ್ಷೆಗೊಳಗಾಗಿ ಮಂಡಾಲೆಯ ಸೆರೆಮನೆಯಲ್ಲಿದ್ದ ಲೋಕಮಾನ್ಯ ತಿಲಕರು ಅಲ್ಲಿಯೇ ಬರೆದು 1915ರಲ್ಲಿ ಪ್ರಕಟಿಸಿದ 'ಗೀತಾರಹಸ್ಯ'ದಲ್ಲಿ, ಜ್ಞಾನಿಯೂ ಲೋಕಸಂಗ್ರಹಕ್ಕಾಗಿ ಕರ್ಮವನ್ನು ಮಾಡಲೇಬೇಕೆಂದು ವಾದಿಸಿದರು. ಮಹಾತ್ಮಾ ಗಾಂಧಿಯವರು ತಮ್ಮ ಗುಜರಾತಿ ಗೀತಾನುವಾದಕ್ಕೆ 'ಅನಾಸಕ್ತಿಯೋಗ'ವೆಂದು ಹೆಸರಿಟ್ಟರು; ಅದು 1930ರಲ್ಲಿ ಪ್ರಕಟವಾಯಿತು.

ಆದರೆ ಇಲ್ಲಿ ಸರಳವಾದ ಇನ್ನೊಂದು ಪ್ರಶ್ನೆಯುಂಟು. ದುಡಿಯುವವನು ಫಲದ ಆಶೆಯನ್ನು ಬಿಟ್ಟರೂ ಫಲವು ಹುಟ್ಟದೆ ಇರದಷ್ಟೆ! ಹೊಲದಲ್ಲಿ ಕಾಳು ಬೆಳೆಯುವದು, ಮಗ್ಗದಲ್ಲಿ ಬಟ್ಟೆಯಾಗುವದು, ಕೂಲಿಯು ಕೈಸೇರುವದು. ಆ ಫಲವು ಯಾರದು? ಅದು ಎಲ್ಲಿಗೆ ಹೋಗಬೇಕು? ಗೀತೆಯು ಈ ಪ್ರಶ್ನೆಯನ್ನು ಮರೆತಿಲ್ಲ. ಯಜ್ಞಶೇಷವನ್ನು ಉಣ್ಣುವವರನ್ನು ಅದು ಪ್ರಶಂಸಿಸುವದು. ಆದರೆ ವೈದಿಕ ಯಜ್ಞದ ಅಧಿಕಾರವನ್ನೇ ರೂಢಿಯು ಕೊಡದಿದ್ದ ಮಡಿವಾಳನಿಗೂ ಅಂಬಿಗನಿಗೂ ಮೇದಾರನಿಗೂ ಅವರ ಕಸುಬಿನ ಭಾಷೆಯಲ್ಲಿಯೇ ಉತ್ತರವು ಬೇಕಾಗಿದ್ದಿತು.

ಆ ಉತ್ತರವು 12ನೆಯ ಶತಮಾನದಲ್ಲಿ, ಕಲಚೂರ್ಯ ಬಿಜ್ಜಳನ ಕಾಲದ ಕಲ್ಯಾಣದಲ್ಲಿ, ಬಸವಣ್ಣನವರನ್ನು ಸುತ್ತುವರಿದ ಶರಣರಿಂದ ಬಂದಿತು. ಮಾಚಯ್ಯನವರು ಬಟ್ಟೆಯನ್ನು ಒಗೆದರು. ಚೌಡಯ್ಯನವರು ದೋಣಿಯನ್ನು ನಡೆಸಿದರು. ಚಂದಯ್ಯನವರು ಹಗ್ಗವನ್ನು ಹೊಸೆದರು. ಕೇತಯ್ಯನವರು ಬಿದಿರಿನ ಕೆಲಸವನ್ನು ಮಾಡಿದರು. ಈ ಕೆಲಸಗಳಿಗೆ ಅವರು ಕೊಟ್ಟ ಹೆಸರು ಕಾಯಕ. ಅದರಲ್ಲಿ ಮೇಲು ಕೀಳುಗಳಿಲ್ಲ, ಗಳಿಕೆಯು ಸತ್ಯಶುದ್ಧವಾಗಿರಬೇಕು, ಬಂದ ಫಲವು ದಾಸೋಹಕ್ಕೆ ಸಲ್ಲಬೇಕು. ದಾಸೋಹವು ದಾನವಲ್ಲವೆಂಬದನ್ನು ಇಲ್ಲಿ ಲಕ್ಷ್ಯದಲ್ಲಿಡತಕ್ಕದ್ದು. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ದಾಸನು. ಫಲದ ಒಡೆತನವನ್ನು ಮಾತ್ರವಲ್ಲದೆ, ಕೊಟ್ಟೆನೆಂಬ ಹಮ್ಮನ್ನೂ ಶರಣರು ಹೀಗೆ ಕಳೆದರು.

ಆಯ್ದಕ್ಕಿ ಮಾರಯ್ಯನವರ ಕಥೆಯು ಇದಕ್ಕೆ ಉತ್ತಮ ನಿದರ್ಶನವು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮ ದಾಸೋಹವನ್ನು ನಡೆಸುವದು ಅವರ ಕಾಯಕವಾಗಿದ್ದಿತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಅದನ್ನು ಕಂಡ ಪತ್ನಿ ಲಕ್ಕಮ್ಮನವರು, ಈ ಆಶೆಯು ನಮಗೇಕೆ, ಹೆಚ್ಚಾದುದನ್ನು ಇದ್ದಲ್ಲಿಗೇ ಸುರಿದು ಬನ್ನಿರೆಂದು ಗಂಡನನ್ನು ಮರಳಿ ಕಳಿಸಿದರು. ಆ ಅಕ್ಕಿಯು ಕದ್ದುದಲ್ಲ, ಬೇಡಿ ತಂದುದೂ ಅಲ್ಲ, ದಾಸೋಹಕ್ಕೇ ಸಲ್ಲತಕ್ಕುದಾಗಿದ್ದಿತು. ಆದರೂ ಅದು ಬೇಡವಾಯಿತು. ಅದೇಕೆಂದರೆ ಪುಣ್ಯಕಾರ್ಯದ ನೆಪದಲ್ಲಿಯೂ ಆಶೆಯು ಒಳಹೊಗಬಲ್ಲದೆಂಬದನ್ನು ಆ ತಾಯಿಯು ಅರಿತಿದ್ದರು. ನಿಷ್ಕಾಮತೆಯು ಅವರ ಮನೆಯಲ್ಲಿ ತರ್ಕದ ವಿಷಯವಾಗಿರದೆ, ಸೆರಗಿನಲ್ಲಿಯ ಅಕ್ಕಿಯ ಅಳತೆಯಾಗಿದ್ದಿತು.

ಈ ಪ್ರಸಂಗವನ್ನು ವಿಸ್ತರಿಸಿ ಹೇಳುವ ಶೂನ್ಯಸಂಪಾದನೆಯು 15ನೆಯ ಶತಮಾನದ ಸಂಕಲನವು. ಆದುದರಿಂದ ಇತಿಹಾಸಕಾರರು ಇದನ್ನು ಶಿಲಾಶಾಸನದಂತೆ ಗ್ರಹಿಸಲಾರರು. ಆದರೆ ಆ ದಂಪತಿಗಳಿಬ್ಬರ ಅಂಕಿತದ ವಚನಗಳೂ ನಮಗೆ ಉಪಲಬ್ಧವಾಗಿರುವವು. ಅವುಗಳ ಭಾವವೂ ಇದಕ್ಕೆ ಅನುಗುಣವಾಗಿಯೇ ಇರುವದು.

ಆ ವಚನಗಳು ನಮ್ಮ ಕೈಸೇರಿದುದೂ ಇಂಥ ಕಾಯಕದಿಂದಲೇ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಮನೆಮನೆಗಳಿಂದ ತಾಳೆಯೋಲೆಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಗಳಿಸಿದ ಧನವು ಓಲೆಗಳಿಗೂ ಅಚ್ಚಿಗೂ ಸಂದಿತು, ಫಲವು ನಾಡಿನದಾಯಿತು.

ಮಹೋತ್ಸವದ ಕಾಲದಲ್ಲಿ ಉಂಡವರ, ಓದಿದವರ, ಕಟ್ಟಿಸಿದ ಕಟ್ಟಡಗಳ ಲೆಕ್ಕವನ್ನು ಬರೆದಿಡುವದು ಸಹಜವು. ಕೃತಜ್ಞತೆಗಾಗಿ ಬರೆದರೆ ಅದು ಯೋಗ್ಯವೂ ಹೌದು. ಆದರೆ ಆ ಲೆಕ್ಕವು ಹೆಮ್ಮೆಗೆ ಕಾರಣವಾದ ಕ್ಷಣದಲ್ಲಿಯೇ ದಾಸೋಹವು ದಾನವಾಗಿ ಇಳಿಯುವದು. ಆದುದರಿಂದ ಲಕ್ಕಮ್ಮನವರು ತಮ್ಮ ಬಡಮನೆಯ ಬಾಗಿಲಲ್ಲಿ ಕೇಳಿದ ಪ್ರಶ್ನೆಯನ್ನು, ತುಂಬಿದ ಉಗ್ರಾಣಗಳ ಬಾಗಿಲಲ್ಲಿ ನಿಂತು ನಾವು ನಮಗೇ ಕೇಳಿಕೊಳ್ಳುವದು ಇನ್ನೂ ಅವಶ್ಯವಾಗಿರುವದು.