ಹೆಂಡಕ್ಕೆ ಹೆಪ್ಪು

ಮಾನ್ವಿಯ ಕಾಲೇಜಿನಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ನಾನು ಹೆಂಡದ ಮಾರಯ್ಯನ ವಚನವೊಂದನ್ನು ಪಾಠ ಹೇಳುತ್ತಿದ್ದೆ. ಹನ್ನೆರಡನೆಯ ಶತಮಾನದ ಈ ಶರಣನದು ಹೆಂಡ ಮಾರುವ ಕಾಯಕ. ತನ್ನ ವೃತ್ತಿಯ ಮಾತುಗಳಿಂದಲೇ ಪರಮಾರ್ಥವನ್ನು ನುಡಿದವನು. ನಾನು ನನ್ನ ಗುರುಗಳಿಂದ ಕಲಿತ ಹಾಗೆಯೇ ಸಂಕೇತಾರ್ಥಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ.

"ಸರ, ಹಾಲಿಗಿ ಹೆಪ್ಪು ಹಾಕ್ತೀವಿ. ಹೆಂಡಕ್ಕ ಹೆಪ್ಪು ಯಾರು ಹಾಕ್ತಾರ್ರಿ?"

ತರಗತಿ ಗೊಳ್ಳೆಂದಿತು. ಹುಡುಗ ತಮಾಷೆಗೆ ಕೇಳಿದ್ದಲ್ಲವೆಂಬುದು ಅವನ ಮುಖದಿಂದಲೇ ತಿಳಿಯುತ್ತಿತ್ತು. ನನಗೆ ಉತ್ತರ ಗೊತ್ತಿರಲಿಲ್ಲ. "ನಾಳೆ ಹೇಳುತ್ತೇನೆ, ಕೂತುಕೋ" ಎಂದು ಗಾಂಭೀರ್ಯವನ್ನು ತಂದುಕೊಂಡು ಮುಂದಿನ ಸಾಲಿಗೆ ಹೋದೆ.

ಹೆಪ್ಪಿನ ವಿಚಾರ ನನಗೆ ತಿಳಿದದ್ದು ಅಡುಗೆಮನೆಯ ಮಟ್ಟಿಗೆ ಮಾತ್ರ. ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುತ್ತಿರಲಿಲ್ಲ. ಹಾಲು ಉಗುರುಬೆಚ್ಚಗಿರಬೇಕು, ಬಿಸಿ ಹೆಚ್ಚಾದರೆ ಹೆಪ್ಪು ಸತ್ತಿತು, ಆರಿದ್ದರೆ ಹಿಡಿಯಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. 'ಸತ್ತಿತು' ಎಂಬ ಆ ಮಾತನ್ನು ಗಮನಿಸಬೇಕು. ಹೆಪ್ಪಿಗೆ ಜೀವವುಂಟೆಂದು ಆಕೆಗೆ ಯಾವ ವಿಜ್ಞಾನಿಯೂ ಹೇಳಿರಲಿಲ್ಲ.

ಆ ರಾತ್ರಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದೆ. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಅಧ್ಯಾಯವೇ ಮೀಸಲಾಗಿದೆ. ಅಲ್ಲಿ ಹುಡುಗನ ಪ್ರಶ್ನೆಗೆ ಉತ್ತರವೂ ಇದೆ. ಮದ್ಯದ ಹೆಪ್ಪಿಗೆ ಸಂಸ್ಕೃತದಲ್ಲಿ 'ಕಿಣ್ವ' ಎಂದು ಹೆಸರು. ಒಂದು ದ್ರೋಣದಷ್ಟು ಉದ್ದಿನ ಹಿಟ್ಟು, ಹಸಿಯದಾದರೂ ಸರಿ, ಬೇಯಿಸಿದ್ದಾದರೂ ಸರಿ. ಅದಕ್ಕಿಂತ ಹೆಚ್ಚು ಅಳತೆಯ ಅಕ್ಕಿ. ಮೋರಟ ಮೊದಲಾದ ಮೂಲಿಕೆಗಳು ಒಂದೊಂದು ಕರ್ಷ. ಇಷ್ಟನ್ನು ಕೂಡಿಸಿದರೆ ಕಿಣ್ವಬಂಧ. ಮೂಲಿಕೆಗಳನ್ನು ಬಿಟ್ಟು ನೋಡಿದರೆ ಇದು ನಮ್ಮ ಮನೆಗಳಲ್ಲಿ ಇಡ್ಲಿಗೆ ರುಬ್ಬಿಡುವ ಹಿಟ್ಟೇ ಅಲ್ಲವೆ! ಹೀಗೆ ಸಿದ್ಧವಾದ ಕಿಣ್ವ ಮೂರು ಪ್ರಸ್ಥ, ಅಕ್ಕಿ ಅರ್ಧ ಆಢಕ ಎಂದರೆ ಎರಡು ಪ್ರಸ್ಥ, ನೀರು ಒಂದು ದ್ರೋಣ ಎಂದರೆ ಹದಿನಾರು ಪ್ರಸ್ಥ, ಇವು ಸೇರಿದರೆ 'ಮೇದಕ'ವೆಂಬ ಪಾನೀಯ. ಅಕ್ಕಿಯಿಂದ ಹುದುಗಿಸಿದ ಈ ಮೇದಕವನ್ನು ಬಿಯರಿನ ದಾಯಾದಿಯೆಂದು ಕರೆಯಬಹುದು.

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ವಿನೋದದ ಸಂಗತಿಯನ್ನು ಹೇಳಬೇಕು. ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು. ಅವರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಹೊರಬಂದದ್ದು 1915ರಲ್ಲಿ. ಮೌರ್ಯ ಚಕ್ರವರ್ತಿಯನ್ನು 'ಅಶೋಕ'ನೆಂದು ಹೆಸರಿಟ್ಟು ಕರೆದಿರುವ ಶಾಸನ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬೆಳಕಿಗೆ ಬಂದದ್ದೂ 1915ರಲ್ಲಿಯೇ. ಹಲವು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಎಂಬ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಬೆಂಗಳೂರಿನ ಹೆಸರು ಬಿಯರಿನೊಂದಿಗೆ ಸೇರಿಕೊಂಡದ್ದರಲ್ಲಿ ಅದರ ಪಾಲು ದೊಡ್ಡದು. ಕಾಲಪುರುಷನಿಗೂ ಹಾಸ್ಯಪ್ರವೃತ್ತಿ ಇದೆಯೆಂದು ತೋರುತ್ತದೆ.

ಇನ್ನು ಯೂರೋಪಿನ ಮಾತು. 1516ರಲ್ಲಿ ಬವೇರಿಯದ ಅರಸರು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಈ ಮೂರನ್ನುಳಿದು ಬೇರೇನನ್ನೂ ಹಾಕಕೂಡದೆಂದು ಕಟ್ಟಳೆ ಮಾಡಿದರು. ಹೆಪ್ಪಿನ ಹೆಸರು ಅದರಲ್ಲಿಲ್ಲ. ಹುದುಗು ಜೀವಾಣುಗಳ ಕೆಲಸವೆಂದು ಪಾಶ್ಚರನು ಪ್ರಯೋಗಗಳಿಂದ ತೋರಿಸಿಕೊಟ್ಟದ್ದು 1857ರ ಅನಂತರ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಹ್ಯಾನ್ಸೆನ್ ಎಂಬಾತ 1883ರಲ್ಲಿ ಒಂದೇ ಒಂದು ಯೀಸ್ಟ್ ಕಣದಿಂದ ಶುದ್ಧವಾದ ಬೆಳೆ ತೆಗೆದ. ಗ್ರೀಕಿನಲ್ಲಿ 'ಜೈಮೆ' ಎಂದರೆ ಹೆಪ್ಪು. 'ಎನ್‌ಜೈಮ್' ಎಂದರೆ ಹೆಪ್ಪಿನೊಳಗಿನದು. ನಮ್ಮ ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಎನ್‌ಜೈಮಿಗೆ ಕೊಟ್ಟಿರುವ ಕನ್ನಡ ಯಾವುದೆಂದರೆ ಅದೇ 'ಕಿಣ್ವ'! ಹೆಂಡದ ಗಡಿಗೆಯಲ್ಲಿ ಹುಟ್ಟಿದ ಮಾತನ್ನು ಮಕ್ಕಳು ಇಂದು ಜೀರ್ಣಕ್ರಿಯೆಯ ಪಾಠದಲ್ಲಿ ಬಾಯಿಪಾಠ ಮಾಡುತ್ತಿದ್ದಾರೆ.

ಪಶ್ಚಿಮ ದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳುವ ಹವ್ಯಾಸಿಗಳು ಬಹಳ. ಹೊಸಬನಿಗೆ ಅವರು ಮೊದಲು ಕಲಿಸುವುದು ನಮ್ಮ ಅಜ್ಜಿಯರ ಪಾಠವನ್ನೇ. ಬಾರ್ಲಿಯನ್ನು ಮೊಳೆಯಿಸಿ, ಒಣಗಿಸಿ, ಒಡೆದು, ಬಿಸಿನೀರಿನಲ್ಲಿ ನೆನೆಸಿಟ್ಟರೆ ಕಾಳಿನ ಪಿಷ್ಟ ಸಕ್ಕರೆಯಾಗಿ ಸಿಹಿನೀರು ಇಳಿಯುತ್ತದೆ. ಅದನ್ನು ಹಾಪ್ಸ್ ಹೂವಿನೊಡನೆ ಕುದಿಸಿ ಆರಿಸಬೇಕು. ಆದರೆ ಚಿಟಿಕೆ ಯೀಸ್ಟನ್ನು ಅಷ್ಟು ದೊಡ್ಡ ಪಾತ್ರೆಗೆ ನೇರವಾಗಿ ಹಾಕಿದರೆ ಅದು ಬೆಳೆಯುವಷ್ಟರಲ್ಲಿ ಬೇರೆ ಕ್ರಿಮಿಗಳು ನುಗ್ಗಿ ಕೆಡಿಸಿಬಿಡಬಹುದು. ಆದ್ದರಿಂದ ಒಂದೆರಡು ದಿನ ಮುಂಚೆ ಚಿಕ್ಕ ಪಾತ್ರೆಯಲ್ಲಿ ತುಸು ಸಿಹಿನೀರು ಇಟ್ಟು, ಅದರಲ್ಲಿ ಯೀಸ್ಟನ್ನು ಬೆಳೆಸಿಕೊಂಡು, ನೊರೆಯೆದ್ದ ಮೇಲೆ ದೊಡ್ಡದಕ್ಕೆ ಸೇರಿಸುತ್ತಾರೆ. ಮೊದಲು ಹೆಪ್ಪನ್ನು ಸಾಕು, ಆಮೇಲೆ ಹೆಂಡದ ಮಾತು ಎಂಬುದೇ ಇದರ ಸಾರ. ಕೌಟಿಲ್ಯ ಕಿಣ್ವವನ್ನು ಬೇರೆಯಾಗಿ ಕಟ್ಟಲು ಹೇಳಿದ್ದೂ ಇದಕ್ಕೇ ಇರಬೇಕು.

ಆದರೆ ಆ ಅಧ್ಯಾಯದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಪಾಕವಿಧಾನವಲ್ಲ, ಎರಡು ಸಣ್ಣ ವಿಧಿಗಳು. ಅಪ್ಪಣೆಯಿಲ್ಲದ ಕಡೆ ಮದ್ಯವನ್ನು ಮಾಡುವವನಿಗೂ ಕೊಳ್ಳುವವನಿಗೂ ಮಾರುವವನಿಗೂ ಆರುನೂರು ಪಣ ದಂಡವೆಂದು ವಿಧಿಸಿದ ಅದೇ ಕೌಟಿಲ್ಯ, ಕುಟುಂಬಿಗಳು ಶುಭಕಾರ್ಯಗಳಲ್ಲಿ ಬಿಳಿಯ ಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮಾಡಿಕೊಳ್ಳಬಹುದೆನ್ನುತ್ತಾನೆ. ಉತ್ಸವ ಜಾತ್ರೆಗಳಲ್ಲಿ ನಾಲ್ಕು ದಿನದ ಸಡಿಲಿಕೆ ಕೊಡುತ್ತಾನೆ. ಸುರೆ ಮತ್ತು ಕಿಣ್ವಗಳ ಕೆಲಸವನ್ನು ಹೆಂಗಸರೂ ಮಕ್ಕಳೂ ಮಾಡತಕ್ಕದ್ದೆಂದು ಬರೆಯುತ್ತಾನೆ. ಕಾಸಿಗೆ ಕಾಸು ಲೆಕ್ಕ ಹಾಕುವ ಆ ಮನುಷ್ಯನೂ ಮನೆಯ ಗಡಿಗೆಯೊಂದು, ಬೊಕ್ಕಸದ ಗಡಿಗೆಯೊಂದು ಎಂದು ವಿಂಗಡಿಸಿದ್ದ. ಈ ವಿಂಗಡಣೆಗೆ ಇಂಗ್ಲೆಂಡು ಬಂದದ್ದು 1963ರಲ್ಲಿ. ಮನೆಬಳಕೆಯ ಬಿಯರಿಗೆ ಪರವಾನಗಿ ಬೇಡವೆಂದು ಅಲ್ಲಿ ತೀರ್ಮಾನವಾಯಿತು. ಅಮೆರಿಕದಲ್ಲಿ ಇಂಥ ಕಾನೂನಿಗೆ ಸಹಿ ಬಿದ್ದದ್ದು 1978ರಲ್ಲಿ. ನಮ್ಮ ರಾಜ್ಯದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಕನ್ನಡ ಸಾಹಿತ್ಯವೇನೂ ಮದ್ಯಕ್ಕೆ ಮುಖ ತಿರುಗಿಸಿದ್ದಲ್ಲ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಪಾನಗೋಷ್ಠಿಯ ವರ್ಣನೆಯಿದೆ. ಕಲ್ಯಾಣದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮದಿರಾಪಾನವೂ ಅರಸರ ಕ್ರೀಡೆಗಳಲ್ಲೊಂದು. ಆದರೆ ಇವೆಲ್ಲ ಬಟ್ಟಲಿನ ವರ್ಣನೆಗಳು. ಬಟ್ಟಲು ತುಂಬುವುದಕ್ಕೆ ಮುಂಚೆ ಗಡಿಗೆಯ ಬಳಿ ಕೂತವರು ಯಾರೆಂದು ಅರಮನೆ ಕೇಳಲಿಲ್ಲ. ಆ ಬಳಗದ ದನಿ ನಮಗೆ ಕೇಳಿಸಿದ್ದು ಹೆಂಡದ ಮಾರಯ್ಯನಿಂದ.

ಮರುದಿನ ತರಗತಿಯಲ್ಲಿ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಹುಡುಗ ಕೊನೆಯತನಕ ಕೇಳಿ ಮತ್ತೆ ಎದ್ದು ನಿಂತ.

"ನಮ್ಮಜ್ಜನ್ನ ಕೇಳ್ಕೊಂಡು ಬಂದೀನ್ರಿ ಸರ. ಈಚಲ ಹೆಂಡಕ್ಕ ಯಾರೂ ಹೆಪ್ಪು ಹಾಕಂಗಿಲ್ಲಂತ. ಗಡಿಗೀನ ಹೆಪ್ಪಂತ. ಸುಣ್ಣ ಬಳದ್ರ ನೀರಾ, ಬಳೀದಿದ್ರ ಹೆಂಡ. ಗಡಿಗಿ ಸ್ವಚ್ಛ ತೊಳದ್ರ ಹೆಂಡ ಆಗೂದು ತಡಾ ಆಗ್ತದಂತ್ರಿ."

ಈ ಸಲ ಯಾರೂ ನಗಲಿಲ್ಲ. ಹಳೆಯ ಗಡಿಗೆಯ ಒಡಲಿನಲ್ಲಿ ಅಂಟಿ ಉಳಿದ ಯೀಸ್ಟು ಹೊಸ ರಸವನ್ನು ಹುದುಗಿಸುತ್ತದೆ. ಸುಣ್ಣವಿದ್ದಲ್ಲಿ ಅದರ ಆಟ ನಡೆಯದು. ನಾನು ಒಂದು ರಾತ್ರಿಯಿಡೀ ಪುಸ್ತಕಗಳಲ್ಲಿ ಹುಡುಕಿದ್ದನ್ನು ಆ ಮುದುಕರು ಮರದ ಮೇಲೆ ಕಲಿತಿದ್ದರು.

ಪಾಠ ಮುಗಿದ ಮೇಲೆ ಪಡಸಾಲೆಯಲ್ಲಿ ಅಜ್ಜ ಈಗ ಏನು ಮಾಡುತ್ತಾರೆಂದು ವಿಚಾರಿಸಿದೆ. "ಏನೂ ಇಲ್ರಿ. ಮರ ಹತ್ತೂದು ಬಿಟ್ಟು ಭಾಳ ವರ್ಷ ಆತು" ಎಂದ. ಸ್ವಲ್ಪ ತಡೆದು, "ಅಜ್ಜ ಹೆಂಡ ಇಳಿಸಿ ಮನಿ ನಡಿಸಿದ. ಅಪ್ಪ ಪಾಕೀಟು ಕುಡದು ಹೋದ್ರಿ" ಎಂದ. ಅವನು ಹೇಳಿದ್ದು ಸಾರಾಯಿ ಪಾಕೀಟಿನ ಮಾತು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ನಿಜಾಮರ ಆಳಿಕೆಯಲ್ಲಿ ಅಬಕಾರಿ ಗುತ್ತಿಗೆ ಬೊಕ್ಕಸದ ದೊಡ್ಡ ಆಧಾರಗಳಲ್ಲೊಂದಾಗಿತ್ತು. 1948ರಲ್ಲಿ ಸಂಸ್ಥಾನ ಹೋಯಿತು, 1956ರಲ್ಲಿ ನಾವು ಕನ್ನಡ ನಾಡನ್ನು ಸೇರಿದೆವು. ಬೊಕ್ಕಸದ ಅಭ್ಯಾಸ ಮಾತ್ರ ಬದಲಾಗಲಿಲ್ಲ. ಮರದ ರಸ ಹೋಗಿ ಭಟ್ಟಿಯ ಸಾರಾಯಿ ಬಂತು; 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದ ಮೇಲೆ ಅದರ ಜಾಗಕ್ಕೆ ಅಗ್ಗದ ಬಾಟಲಿ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿರೆಂದು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದರು. ನಮ್ಮ ಜಿಲ್ಲೆಯವರೂ ಅವರಲ್ಲಿದ್ದರು. ಕಿಣ್ವದ ಕೆಲಸ ಹೆಂಗಸರದೆಂದು ಬರೆದ ಕಾಲದಿಂದ ಈ ನಡಿಗೆಯವರೆಗಿನ ದೂರವನ್ನು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ. ನಾನು ಕುಡಿಯುವವನಲ್ಲ, ಕುಡಿತದ ವಕೀಲನೂ ಅಲ್ಲ. ಹೆಂಡವೂ ಮನೆಗಳನ್ನು ಕೆಡಿಸಿದ್ದುಂಟು. ಆದರೆ ಗಡಿಗೆಯನ್ನು ಬಲ್ಲವನ ಕೈಯಲ್ಲಿ ಅದಕ್ಕೊಂದು ಹೊತ್ತಿತ್ತು, ಅಳತೆಯಿತ್ತು. ಸಂಜೆಯೊಳಗೆ ಹುಳಿಯಾಗಿಹೋಗುವ ವಸ್ತುವನ್ನು ಊರೂರಿಗೆ ಸಾಗಿಸಿ ಮಾರುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಮುಂದಿನ ವರ್ಷ ಮತ್ತೆ ಅದೇ ವಚನ ಪಾಠಕ್ಕೆ ಬಂತು. ಸಂಕೇತಾರ್ಥಕ್ಕೆ ಕೈಹಾಕುವ ಮೊದಲು, ಹೆಂಡದ ಗಡಿಗೆಯನ್ನು ಹತ್ತಿರದಿಂದ ಕಂಡವರು ನಿಮ್ಮ ಮನೆಗಳಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೂರು ಕೈಗಳು ಮೆಲ್ಲಗೆ ಮೇಲೆದ್ದವು.